ಮಂಗಳವಾರದ ಕ್ರಿಯಾಪದ

ಗ್ರಿಮ್ಸ್‌ಬಿಯ ಮೀನು ಕಾರ್ಖಾನೆಯಿಂದ ನೇರ ಬಂದವರು ನಾವು,
ಎಷ್ಟು ಸೋಪು ಉಜ್ಜಿದರೂ ಬೆರಳ ಸಂದಿಯಲ್ಲಿ ಹ್ಯಾಡಕ್ ವಾಸನೆ.
ಗ್ರಂಥಾಲಯದ ಮೂರನೇ ಮಹಡಿ,
ಲಿಫ್ಟು ಕೆಟ್ಟು ಎರಡು ವರ್ಷ,
ಏಳು ಗಂಟೆಗೆ ಇಂಗ್ಲಿಷು.

ಮಿಸೆಸ್ ಬ್ಲಾಂಚರ್ಡ್ ಬೋರ್ಡಿನ ಮೇಲೆ ಬರೆದರು: ಟ್ರಜ್.
ನಡೆ ಅಂದರೆ ಸಾಲದು, ಅಂದರು,
ಯಾರು ಬೇಕಾದರೂ ನಡೆಯುತ್ತಾರೆ.
ಹೇಗೆ ನಡೆದರು, ಅದನ್ನು ಹೇಳುವ ಮಾತು ಇದು.
ಕೆಸರಲ್ಲಿ ಹೂತ ಕಾಲನ್ನು ಕಿತ್ತು, ಇಟ್ಟು,
ಮತ್ತೆ ಕಿತ್ತು, ಮತ್ತೆ ಇಟ್ಟು...
ಕುರ್ಚಿಗಳ ನಡುವೆ ತಾವೇ ನಡೆದು ತೋರಿಸಿದರು
ಭುಜ ಇಳಿಬಿಟ್ಟು, ಬಾಯಿ ತೆರೆದು.
ನಾವು ನಕ್ಕೆವು.
ನಗುವುದಕ್ಕೂ ಅವರ ಬಳಿ ಆರು ಕ್ರಿಯಾಪದಗಳಿದ್ದವು,
ಅವು ಮುಂದಿನ ತಿಂಗಳಿಗೆ.

ಈಗ ತಲೆಗೊಂದು ವಾಕ್ಯ.

ಡೊಮಿಂಗಾಸ್ ಬರೆದಳು:
ಹತ್ತನೇ ನಂಬರಿನ ಬಸ್ಸು ಸೇತುವೆ ಮೇಲೆ ಟ್ರಜ್ ಮಾಡಿತು.
ಇಲ್ಲಮ್ಮಾ, ಚಕ್ರಕ್ಕೆ ಈ ಮಾತು ಒಗ್ಗದು, ಕಾಲು ಬೇಕು.
ನೀವು ಆ ಬಸ್ಸು ಹತ್ತಿಲ್ಲ, ಅಂದಳು ಡೊಮಿಂಗಾಸ್.

ಹಿವಾ ಬರೆದ: ಬೆಕ್ಕು ಮೀನಿನತ್ತ ಟ್ರಜ್ ಮಾಡಿತು.
ಕಾಲೇನೋ ನಾಲ್ಕಿವೆ, ಆದರೆ ಮೀನು ಕಂಡ ಯಾವ ಬೆಕ್ಕು ಹಾಗೆ ಹೋದೀತು?
ನಮ್ಮ ಕಾರ್ಖಾನೆಯದು, ಅಂದ ಹಿವಾ, ತಿಂದೂ ತಿಂದೂ.
ಅರ್ಧ ಅಂಕ ಸಿಕ್ಕಿತು.

ಜೌದಿಯದು: ನನ್ನಜ್ಜಿ ಭಾನುವಾರ ಸಂತೋಷದಿಂದ
ಚರ್ಚಿಗೆ ಟ್ರಜ್ ಮಾಡುತ್ತಾಳೆ.
ಸಂತೋಷದ ಕೆಳಗೆ ಕೆಂಪು ಗೆರೆ ಬಿತ್ತು:
ಇವೆರಡೂ ಒಂದೇ ವಾಕ್ಯದಲ್ಲಿ ಸಂಸಾರ ಮಾಡವು.
ಜೌದಿ ಹಟ ಬಿಡಲಿಲ್ಲ.
ಬೆಟ್ಟ ಕಡಿದು, ಅಜ್ಜಿಯ ಮಂಡಿ ಸವೆದಿದೆ,
ಹಾದಿಯುದ್ದಕ್ಕೂ ಹಾಡುತ್ತಾಳೆ.
ನಿಮ್ಮ ಮಾತಿನೊಳಗೆ ಅವಳಿಗೆ ಜಾಗ ಇಲ್ಲವೇ?
ಮಿಸೆಸ್ ಬ್ಲಾಂಚರ್ಡ್ ನಿಘಂಟು ತೆರೆದರು, ಮುಚ್ಚಿದರು,
ಕಿಟಕಿಯಾಚೆ ಹಡಗುಕಟ್ಟೆಯ ದೀಪ ನೋಡಿದರು.
ಪರೀಕ್ಷೆಯಲ್ಲಿ ಮಾತ್ರ ಬರೆಯಬೇಡ, ಅಂದರು.

ನನ್ನ ಸರದಿ.
ನಾನು ಬಿಟ್ಟು ಬಂದ ಲಿಥುವೇನಿಯಾದ ಊರಲ್ಲಿ
ಹಿಮದಲ್ಲಿ ನಡೆವುದಕ್ಕೊಂದು ಮಾತು,
ಜೌಗಿಗೆ ಇನ್ನೊಂದು,
ಕುಡಿದು ಬಂದ ಅಣ್ಣನಿಗೇ ಮತ್ತೊಂದು.
ಇಂಗ್ಲಿಷಿನಲ್ಲಿ ಈ ತನಕ ಎಲ್ಲಿಗೂ ಬರೀ ಗೋ.
ಕೆಲಸಕ್ಕೆ ಗೋ, ಕೋಣೆಗೆ ಗೋ,
ಅಮ್ಮನ ಮಣ್ಣಿಗೂ ಅದೇ ಗೋ,
ಕಾಲೇ ಕಾಣಿಸದ ಮಾತು.

ಬರೆದೆ:
ಪ್ರತಿ ಮಂಗಳವಾರ ಮಿಸೆಸ್ ಬ್ಲಾಂಚರ್ಡ್
ಐವತ್ತೆಂಟು ಮೆಟ್ಟಿಲು ನಮ್ಮತ್ತ ಟ್ರಜ್ ಮಾಡುತ್ತಾರೆ.

ಓದಿದರು. ಮತ್ತೆ ಓದಿದರು.
ಕರ್ತೃ ಸರಿ, ಕಾಲ ಸರಿ,
ಕ್ರಿಯಾಪದದ ಬಾಲದ ಎಸ್,
ಎರಡು ವರ್ಷ ನಾನು ನುಂಗುತ್ತಲೇ ಬಂದ ಎಸ್,
ತೆಪ್ಪಗೆ ತನ್ನ ಜಾಗದಲ್ಲಿ ಕೂತಿತ್ತು.
ತಿದ್ದಲು ಏನೂ ಸಿಗದೆ
ಪೆನ್ನು ಕಾಗದದ ಮೇಲೆ ನಿಂತೇ ಇತ್ತು.
ಅದರಡಿ ಕೆಂಪು ಚುಕ್ಕೆಯೊಂದು
ದೊಡ್ಡದಾಗುತ್ತಾ ಹೋಯಿತು.
ಐವತ್ತಾರು, ಅಂದರು ಕಡೆಗೆ,
ನಾನು ಎಣಿಸಿದ್ದೇನೆ.

ಎಂಟೂವರೆಗೆ ಇಳಿದೆವು.
ಅವರು ಮುಂದೆ, ಕಂಬಿ ಹಿಡಿದು,
ಒಂದು ಮೆಟ್ಟಿಲಿಗೆ ಎರಡೂ ಕಾಲು ಸೇರಿಸಿ.
ಹಿಂದೆ ಹನ್ನೊಂದು ಜನ, ಯಾರೂ ದಾಟಲಿಲ್ಲ.
ಹಿವಾ ನಡುವೆ ಬಗ್ಗಿ
ತನ್ನ ಗಂಬೂಟಿಗೆ ಇಲ್ಲದ ಲೇಸು ಕಟ್ಟಿದ.
ನಾವು ಹಾಗೆ ಇಳಿದೆವಲ್ಲ, ಅದಕ್ಕೇನು ಕ್ರಿಯಾಪದ?
ಕೇಳಬೇಕೆಂದುಕೊಂಡೆ, ಕೇಳಲಿಲ್ಲ.

ಹೊರಗೆ ಸಮುದ್ರದ ಗಾಳಿ ಕಿವಿ ಕಚ್ಚುತ್ತಿತ್ತು.
ಸೇತುವೆಯ ತುದಿಯಲ್ಲಿ ಹತ್ತನೇ ನಂಬರು
ಕೆಮ್ಮಿ, ನಿಂತು, ಮತ್ತೆ ಕೆಮ್ಮಿ,
ಒಂದೊಂದೇ ಚಕ್ರ ಕಿತ್ತಿಟ್ಟಂತೆ ಬರುತ್ತಿತ್ತು.
ಡೊಮಿಂಗಾಸ್ ಮಿಸೆಸ್ ಬ್ಲಾಂಚರ್ಡರ ತೋಳು ಜಗ್ಗಿದಳು:
ನೋಡಿ.